ಸಾವಕಾಶ ಸಾವಕಾರರ ಹಳದಿ ಗಾಡಿ

ಕಳೆದ ವಾರ ನಮ್ಮ ಹ್ಯಾಂಗರಿಗೆ ಒಂದು ವಿಮಾನ ಬಂತು. ಇಳಿಯುವಾಗ ಪೈಲಟ್ ಬ್ರೇಕನ್ನು ಸ್ವಲ್ಪ ಜೋರಾಗಿಯೇ ಒತ್ತಿದ್ದನಂತೆ. ಚಕ್ರದ ಹತ್ತಿರ ಹೋಗುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಬ್ರೇಕಿನ ವಾಸನೆ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಒಲೆಯ ಮೇಲೆ ಮರೆತುಹೋದ ಖಾಲಿ ಹಂಚು, ಅದರ ಜೊತೆಗೆ ಒಂದಿಷ್ಟು ಸುಟ್ಟ ಕೂದಲು... ಹತ್ತಿರ ಹತ್ತಿರ ಹಾಗೆ. ನಾಗಪುರದ ವಿಮಾನ ನಿಲ್ದಾಣದ ಪಕ್ಕದ ಮಿಹಾನಿನಲ್ಲಿ ವಿಮಾನ ರಿಪೇರಿ ಮಾಡುವುದೇ ನನ್ನ ಕೆಲಸ, ಹಾಗಾಗಿ ನನ್ನ ಮೂಗಿಗೆ ಇದು ಹೊಸದೇನಲ್ಲ. ಆದರೂ ಆ ವಾಸನೆ ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಹಿಂದೊಮ್ಮೆ ಕೋರಾಡಿ ರಸ್ತೆಯಲ್ಲಿ, ಹಳದಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು, ಅಲ್ಲಿ ಇಲ್ಲದ ಬ್ರೇಕನ್ನು ಅದು ಹಾಗೆಯೇ ಒತ್ತಿತ್ತು. ಅವತ್ತು ಮುಂದೆ ಕೂತಿದ್ದವರು ಕೆಳಗಿನ ಮನೆಯ ಕಾಕಾ. ಓಡಿಸುತ್ತಿದ್ದವನು ಅವರ ಒಬ್ಬನೇ ಮಗ.

ಕಾಕಾ ಅಂದರೆ ರಕ್ತಸಂಬಂಧವೇನೂ ಅಲ್ಲ. ಹುಬ್ಬಳ್ಳಿ ಕಡೆಯವರು. ಇತವಾರಿ ಪೇಟೆಯಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿ ಇತ್ತು. ಬಿಜಾಗರಿ, ಚಿಲಕ, ಮೊಳೆ, ಬೋಲ್ಟು, ಎಲ್ಲ ಹೋಲ್‌ಸೇಲ್. ಅವರ ಹೆಂಡತಿ, ನಮ್ಮ ಕಾಕೂ, ಮರಾಠಿಯವರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ. ಕನ್ನಡ ಆಡಬೇಕೆಂದರೆ ಕಾಕಾ ಒಂದು ಮಹಡಿ ಹತ್ತಿ ನಮ್ಮ ಮನೆಗೇ ಬರಬೇಕು. ಬಂದವರು ರೈಲ್ವೆಯಲ್ಲಿದ್ದ ನಮ್ಮ ಅಪ್ಪನ ಎದುರು ಕೂತು, "ನಾಲಿಗಿಗೆ ಜಂಗು ಹಿಡದೈತ್ರಿ ಅಣ್ಣಾರ, ಒಂದೀಟು ಎಣ್ಣಿ ಬಿಡ್ರಿ" ಎನ್ನುತ್ತಿದ್ದರು. ಅವರ ಮಗನಿಗೆ ಕನ್ನಡ ಬರುತ್ತಿರಲಿಲ್ಲ. ಅವನು ನನ್ನನ್ನು ಮರಾಠಿ ರೂಢಿಯಲ್ಲಿ 'ತಾಈ', ಅಂದರೆ ಅಕ್ಕ, ಎಂದು ಕರೆದರೆ, "ಮದುವಿ ಆಗೋಕಿನ್ನ ಮೊದಲ ತಾಯಿ ಆದಿ ನೋಡು" ಎಂದು ಅವ್ವ ನನ್ನನ್ನು ಕಾಡುತ್ತಿದ್ದಳು.

ಇಂಥ ಕಾಕಾ ಮುಂಬೈಯಿಂದ ಯಾರೋ ಓಡಿಸಿ ಬಿಟ್ಟ ಒಂದು ವಿದೇಶಿ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದಾಗ ಇಡೀ ಬಿಲ್ಡಿಂಗಿಗೆ ಅಜೀರ್ಣವಾಯಿತು. ಎರಡೇ ಬಾಗಿಲು, ಅರಿಶಿಣದ ಬಣ್ಣ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಚಾಲೂ ಮಾಡಿದರೆ ನಮ್ಮ ಕಿಟಕಿಯ ಗಾಜು ನಡುಗುತ್ತಿತ್ತು. ನನಗಂತೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಗಂಡಸರು ಐವತ್ತು ದಾಟಿದ ಮೇಲೆ ಒಂದೋ ದೇವರ ಬೆನ್ನು ಹತ್ತುತ್ತಾರೆ, ಇಲ್ಲವೇ ಇಂಥದರ ಬೆನ್ನು ಹತ್ತುತ್ತಾರೆ ಎಂದು ಅಡುಗೆಮನೆಯಲ್ಲಿ ಆಡಿಕೊಂಡಿದ್ದೆ. ಮಜಾ ಏನೆಂದರೆ, ಊರಿನಲ್ಲೇ ಅತಿ ವೇಗದ ಆ ಗಾಡಿಯನ್ನು ಕಾಕಾ ಎಲ್ಲರಿಗಿಂತ ನಿಧಾನವಾಗಿ ಓಡಿಸುತ್ತಿದ್ದರು. ರಸ್ತೆಯಲ್ಲಿ ಹಂಪು ಬಂದರೆ ಪಕ್ಕದಲ್ಲಿದ್ದವರನ್ನು ಕೆಳಗಿಳಿಸಿ, ಗಾಡಿಯನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರವನ್ನು ದಾಟಿಸುವರು. ಹೀಗೆ ಇಳಿದು ಹತ್ತಿ ಸಾಕಾಗಿ ಕಾಕೂ ಮತ್ತೆ ಆಟೋ ಹಿಡಿದರು. ಇತವಾರಿಯ ಕೈಗಾಡಿಯವರು ಅವರನ್ನು ಹಿಂದೆ ಹಾಕಿ ಹೋಗುತ್ತ, "ಸೇಠ್, ಧಕ್ಕಾ ಮಾರೂ ಕ್ಯಾ?", ನೂಕಿಕೊಡಲೇ ಎಂದು ಕೇಳುತ್ತಿದ್ದರು. ನಮ್ಮ ಕಡೆ ಸಾವಕಾಶ ಅಂದರೆ ನಿಧಾನ. ಅಪ್ಪ ಅವರಿಗೆ 'ಸಾವಕಾಶ ಸಾವಕಾರ' ಎಂದು ಹೆಸರಿಟ್ಟರು. ಕಾಕಾ ಬೇಸರ ಮಾಡಿಕೊಳ್ಳಲಿಲ್ಲ.

ಅವರ ವೇಗವೆಲ್ಲ ಬೇರೆ ಕಡೆ ಇತ್ತು. ವರ್ಷಕ್ಕೆ ಒಂದೆರಡು ಸಲ ಗಾಡಿಯನ್ನು ಲಾರಿಗೆ ಹೇರಿ ತಮಿಳುನಾಡಿನ ಒಂದು ರೇಸ್ ಟ್ರ್ಯಾಕಿಗೆ ಕಳಿಸಿ, ತಾವು ರೈಲಿನಲ್ಲಿ ಹೋಗುವರು. ಬ್ರೇಕಿನ ಕೆಲಸ ಗೊತ್ತಿದ್ದವಳೆಂದು ಒಮ್ಮೆ ನನ್ನನ್ನೂ ಕರೆದರು, ಮಗನೂ ಬಂದಿದ್ದ. ಟ್ರ್ಯಾಕಿಗೆ ಇಳಿಯುವ ಮೊದಲು ಕಾಕಾ ರೂಢಿಯಂತೆ ಚಕ್ರಗಳ ಅಡಿಗೆ ಲಿಂಬೆಹಣ್ಣು ಇಟ್ಟರು. ಅಲ್ಲಿನವರು ಓಡಿ ಬಂದು, ರಸ ಬಿದ್ದರೆ ಟೈರು ಜಾರುತ್ತದೆ, ತೆಗೆಯಿರಿ ಎಂದರು. ಕಾಕಾ ಬಗ್ಗಿ ಹಣ್ಣುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ಅಷ್ಟು ವಿನಯ ಅವರಿಗೆ ದೇವಸ್ಥಾನದಲ್ಲೂ ಇರುತ್ತಿರಲಿಲ್ಲ.

ಹೆಲ್ಮೆಟ್ ಹಾಕಿಕೊಂಡು ನಾನು ಪಕ್ಕದಲ್ಲಿ ಕೂತೆ. ಮುಂದೆ ಆದದ್ದನ್ನು ಹೇಗೆ ಹೇಳಲಿ... ಬಿಜಾಗರಿ ಮಾರುವ, ಹಂಪಿಗೆ ಹೆದರುವ ಮನುಷ್ಯ ಎಲ್ಲೋ ಹೋಗಿಬಿಟ್ಟಿದ್ದ. ತಿರುವು ಮೈಮೇಲೆ ಬರುತ್ತಿತ್ತು, ಇನ್ನು ಮುಗಿಯಿತು ಅನ್ನುವಾಗ ಅವರು ಬ್ರೇಕು ಒತ್ತುವರು, ಎದೆಗೆ ಬೆಲ್ಟು ಕಚ್ಚುವುದು, ಗಾಡಿ ಗೆರೆ ಎಳೆದ ಹಾಗೆ ತಿರುಗಿ ಮತ್ತೆ ಹಾರುವುದು. ನನಗೆ ಹೆದರಿಕೆಯಾಗಿತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಗಿತ್ತು. ಆ ಗಾಡಿ ಯಾಕೆ ಹುಟ್ಟಿದೆ ಎಂದು ಅವತ್ತು ಗೊತ್ತಾಯಿತು. "ಹೆಂಗೈತಿ ತಂಗಿ?" ಎಂದು ಕೂಗಿ ಕೇಳಿದರು. "ಚಲೋ ಐತ್ರಿ" ಎಂದೆ. ಚಲೋ ಅಂದರೆ ನಮ್ಮ ಕಡೆ ಚೆನ್ನಾಗಿದೆ ಎಂದು. ನಾಗಪುರದ ಹಿಂದಿಯಲ್ಲಿ ಅದೇ ಮಾತಿಗೆ ನಡೆ, ಹೊರಡು ಎಂದರ್ಥ. ನಾವು ಎರಡನ್ನೂ ದಿನಾ ಆಡಿ ಆಡಿ, ಯಾವುದು ಯಾವಾಗ ಎಂದು ಯೋಚಿಸುವುದನ್ನೇ ಬಿಟ್ಟಿದ್ದೆವು.

ಗಾಡಿ ನಿಲ್ಲಿಸಿ ಇಳಿದಾಗ ಕಾಕಾ ತಿರುವಿನ ಆಚೆ ಹಾಸಿದ್ದ ಉಸುಕನ್ನು ತೋರಿಸಿದರು. "ಇಲ್ಲಿ ತಪ್ಪಿದ್ರ ಆ ಉಸುಕಿನ್ಯಾಗ ಹೋಗಿ ನಿಂದರ್ತೀವಿ. ಎದುರಿಗೆ ಯಾರೂ ಬರೂದಿಲ್ಲ. ಊರಾಗ ತಪ್ಪಿದ್ರ ಯಾರದರ ಮನಿ ಮುಂದ ಹೋಗಿ ತಲಿ ತಗ್ಗಿಸಿ ನಿಂದರಬೇಕಾಗತೈತಿ." ಇದನ್ನು ಅವರು ನನಗೆ ಹೇಳಲಿಲ್ಲ, ಮಗನಿಗೆ ಕೇಳಿಸಲೆಂದು ಹೇಳಿದರು. ಮಗ ಆಗಲೇ ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ಕನ್ನಡ ಎಷ್ಟು ತಿಳಿಯುತ್ತಿತ್ತೋ.

ಟ್ರ್ಯಾಕಿನಲ್ಲಿ ಅವನು ತನ್ನ ಅಪ್ಪನಿಗಿಂತ ಚೆನ್ನಾಗಿ ಓಡಿಸಿದ. ಕಾಕಾರ ಸಂಕಟ ಶುರುವಾದದ್ದು ಅಲ್ಲಿಂದಲೇ. ಊರಿಗೆ ಬಂದ ಮೇಲೆ ಹುಡುಗನಿಗೆ ಸಮಾಧಾನವಿಲ್ಲ. ವರ್ಷಕ್ಕೆ ಎರಡು ಸಲ ಓಡಿಸಲಿಕ್ಕೆ ಇಂಥ ಗಾಡಿ ಯಾಕೆ, ಗೆಳೆಯರೆಲ್ಲ ಊರ ಹೊರಗಿನ ರಸ್ತೆಯಲ್ಲಿ ಪಂದ್ಯ ಹಚ್ಚುತ್ತಾರೆ, ನಾನೊಬ್ಬ ಸಾವಕಾಶ ಸಾವಕಾರನ ಮಗ ಅನ್ನಿಸಿಕೊಂಡು ಕೂತಿದ್ದೇನೆ ಎಂದು ದಿನವೂ ಜಗಳ. ಕೆಳಗಿನಿಂದ ನಮಗೆ ಕೇಳಿಸುತ್ತಿತ್ತು. ಕಾಕಾ ಚಾವಿಯನ್ನು ಬನಿಯನ್ನಿನ ಜೇಬಿನಲ್ಲಿ ಇಟ್ಟುಕೊಂಡು ಮಲಗತೊಡಗಿದರು. "ನಾನ ಗಾಡಿ ತಂದೆ, ನಾನ ಹುಲಿ ಸಾಕಿದೆ" ಎಂದು ಅಪ್ಪನ ಹತ್ತಿರ ಹೇಳಿಕೊಂಡರು. ಗಾಡಿ ಮಾರಿಬಿಡಿ ಎಂದರು ಅಪ್ಪ. ಮಾರಿದರೆ ಗೆಳೆಯರ ಗಾಡಿ ಹತ್ತುತ್ತಾನೆ, ನನ್ನ ಕಣ್ಣೆದುರು ಆದರೂ ಇರಲಿ ಎಂದರು ಕಾಕಾ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಒಪ್ಪಿದರು. ಊರ ಹೊರಗಿನ ಕೋರಾಡಿಯವರೆಗೆ ಹೋಗಿ ಬರುವುದು, ಕಾಕಾ ಪಕ್ಕದಲ್ಲಿ ಇರುವುದು, ಸಾವಕಾಶ ಹೋಗುವುದು. "ನೀನೂ ಬಾ ತಂಗಿ, ನೀ ಇದ್ರ ಅಂವ ಹದದಾಗ ಇರ್ತಾನ" ಎಂದರು. ಹಿಂದಿನ ಸೀಟು ಹೆಸರಿಗೆ ಮಾತ್ರ ಸೀಟು. ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತೆ.

ಹುಡುಗ ಚೆನ್ನಾಗಿಯೇ ಓಡಿಸಿದ. ಊರು ದಾಟಿತು, ದೂರದಲ್ಲಿ ವಿದ್ಯುತ್ ಕೇಂದ್ರದ ಚಿಮಣಿಗಳು ಕಂಡವು. ಕಾಕಾರ ಭುಜ ಸ್ವಲ್ಪ ಸಡಿಲವಾದದ್ದನ್ನು ಹಿಂದಿನಿಂದ ನೋಡಿದೆ. ಆಗ ಬಲಗಡೆ ಒಂದು ಬಿಳಿ ಕಾರು ಬಂತು. ಅವನ ಗೆಳೆಯನದೇ. ಹಾರ್ನು ಒತ್ತಿದ, ಗಾಜು ಇಳಿಸಿ ಏನೋ ಕೂಗಿ ನಕ್ಕ, ಮುಂದೆ ಹೋದ, ಮತ್ತೆ ನಿಧಾನ ಮಾಡಿ ನಮಗಾಗಿ ಕಾದ. ಸ್ಟೀರಿಂಗಿನ ಮೇಲೆ ಹುಡುಗನ ಬೆರಳು ಬಿಗಿಯುವುದು, ಬಿಡುವುದು ಕಾಣುತ್ತಿತ್ತು. ಬಿಳಿ ಕಾರು ಇನ್ನೊಮ್ಮೆ ಪಕ್ಕಕ್ಕೆ ಬಂದು ಮುಂದೆ ಹೋಯಿತು. ಹುಡುಗ ಆಗಲೂ ವೇಗ ಏರಿಸಲಿಲ್ಲ. ಕತ್ತು ತಿರುಗಿಸದೆ, "ಪಪ್ಪಾ?" ಎಂದ. ಅಷ್ಟೇ.

ಮಗ ಪಂಥಕ್ಕೆ ಬೀಳಲಿಲ್ಲ ಎಂದು ಕಾಕಾರ ಮನಸ್ಸು ತುಂಬಿ ಬಂದಿರಬೇಕು. ಅವನ ತೊಡೆಯನ್ನು ಮೆಲ್ಲಗೆ ತಟ್ಟಿ, ಬಹಳ ದಿನದಿಂದ ಹೇಳದ ಮಾತನ್ನು ಹೇಳಿದರು. "ಚಲೋ."

ಹುಡುಗ ಹೊರಟೇಬಿಟ್ಟ.

ನನ್ನ ತಲೆ ಹಿಂದಿನ ಗಾಜಿಗೆ ಬಡಿಯಿತು. ಮರಗಳು ಒಂದಕ್ಕೊಂದು ಅಂಟಿಕೊಂಡು ಓಡತೊಡಗಿದವು. ಬಿಳಿ ಕಾರು ಎದುರಿಗೆ ದೊಡ್ಡದಾಯಿತು, ಪಕ್ಕಕ್ಕೆ ಬಂತು, ಹಿಂದಾಯಿತು. "ಏ, ಏ..." ಎಂದರು ಕಾಕಾ, ಅವರ ದನಿ ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಮುಂದೆ ಎಡಗಡೆ ವಿದ್ಯುತ್ ಕೇಂದ್ರದ ಕಾಲೊನಿಯ ಒಂದು ಬಸ್ಸು ನಿಂತಿತ್ತು. ದೇವಿಯ ಗುಡಿಗೆ ಹೋಗುವವರು ಅದರಿಂದ ಇಳಿಯುತ್ತಿದ್ದರು. ಬಸ್ಸಿನ ಮೂತಿಯ ಮರೆಯಿಂದ ಹಸಿರು ಸೀರೆಯ ಒಬ್ಬ ಹೆಂಗಸು ಕೈಯಲ್ಲಿ ಪೂಜೆಯ ತಟ್ಟೆ ಹಿಡಿದು ರಸ್ತೆಗೆ ಕಾಲಿಟ್ಟಳು. ಆಕೆ ನಮ್ಮನ್ನು ನೋಡಿದಳು. ಆಕೆಯ ಮುಖ ನನಗೆ ಇವತ್ತಿಗೂ ನೆನಪಿದೆ... ಹೆದರಿಕೆ ಇನ್ನೂ ಬಂದಿರಲಿಲ್ಲ, ಬರೀ ಆಶ್ಚರ್ಯ. ಹುಡುಗ ಬ್ರೇಕು ಒತ್ತಿದ, ನಾನೂ ಹಿಂದೆ ಕೂತು ಒತ್ತಿದೆ. ಗಾಡಿಯ ಹಿಂಭಾಗ ಒಮ್ಮೆ ಆಚೆ, ಒಮ್ಮೆ ಈಚೆ ಹೊಯ್ದಾಡಿತು. ಕಾಕಾ ಮುಂದೆ ಇದ್ದದ್ದನ್ನು ಹಿಡಿದುಕೊಳ್ಳಲಿಲ್ಲ. ಬಲಗೈಯನ್ನು ಮಗನ ಎದೆಗೆ ಅಡ್ಡ ಒತ್ತಿ ಹಿಡಿದಿದ್ದರು.

ನಿಂತಿತು. ತಟ್ಟೆ ಕೆಳಗೆ ಬಿದ್ದು ಅರಿಶಿಣ ಕುಂಕುಮ ಚೆಲ್ಲಿತ್ತು. ಆಕೆ ನಿಂತಲ್ಲೇ ನಿಂತಿದ್ದಳು, ಸೀರೆಯ ನಿರಿಗೆ ಗಾಡಿಯ ಮೂತಿಗೆ ತಾಗುವಷ್ಟು ಹತ್ತಿರ. ಆಮೇಲೆ ಆ ವಾಸನೆ ಒಳಗೆಲ್ಲ ತುಂಬಿಕೊಂಡಿತು.

ಜನ ಸೇರಿದರು. ಯಾರೋ ಬೈದರು, ಯಾರೋ ಬಾನೆಟ್ಟಿಗೆ ಗುದ್ದಿದರು. ಆ ಹೆಂಗಸು ಬೈಯಲಿಲ್ಲ. ಕಿಟಕಿಯ ಹತ್ತಿರ ಬಗ್ಗಿ ಹುಡುಗನ ಮುಖ ನೋಡಿ, "ಬಾಳಾ, ಘರೀ ಆಈ ಆಹೇ ನಾ ತುಝೀ?" ಎಂದು ಕೇಳಿದಳು. ಮನೆಯಲ್ಲಿ ತಾಯಿ ಇದ್ದಾಳಲ್ಲವೇನಪ್ಪ ಎಂದು. ಹುಡುಗ ಹೂಂ ಎಂದು ತಲೆಯಾಡಿಸಿದ. ಆಕೆಯ ತೆಂಗಿನಕಾಯಿ ಉರುಳಿ ಗಾಡಿಯ ಕೆಳಗೆ ಸಿಕ್ಕಿಕೊಂಡಿತ್ತು. ಕಾಕಾ ರಸ್ತೆಯ ಮೇಲೆ ಬೋರಲು ಮಲಗಿ ಕೈ ಹಾಕಿದರು, ಸಿಗಲಿಲ್ಲ. ಕೊನೆಗೆ ಬೈಯುತ್ತಿದ್ದವರೇ ನಾಲ್ಕು ಜನ ಸೇರಿ ಗಾಡಿಯನ್ನು ಹಿಂದಕ್ಕೆ ನೂಕಿದರು. ಕಾಕಾ ಕಾಯಿಯನ್ನು ತಮ್ಮ ಅಂಗಿಗೆ ಒರೆಸಿ, ಎರಡೂ ಕೈಯಿಂದ ಆಕೆಗೆ ಕೊಟ್ಟು, ಆಕೆ ಬೇಡ ಬೇಡ ಅನ್ನುತ್ತಿದ್ದಂತೆ ಕಾಲು ಮುಟ್ಟಿದರು.

"ಪಪ್ಪಾ, ತುಮ್ಹೀಚ್ ಮ್ಹಣಾಲಾತ್ ನಾ, ಚಲೋ?" ಎಂದ ಹುಡುಗ. ನೀವೇ ಅಂದಿರಲ್ಲ ಎಂದು. ಅವನ ದನಿಯಲ್ಲಿ ವಾದವಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದ. ಕಾಕಾ ಅವನನ್ನೇ ನೋಡಿದರು. "ನಾ ಚಲೋ ಅಂದೆ... ಚಲೋ ಅಂತ ಅಂದೆಪಾ..." ಎಂದು ತಡವರಿಸಿದರು. ಕೊನೆಗೆ ತಮ್ಮ ಮಾತಿನ ಅರ್ಥವನ್ನು ತಮ್ಮ ಮಗನಿಗೆ ಹಿಂದಿಯಲ್ಲಿ ಹೇಳಬೇಕಾಯಿತು. "ಅಚ್ಛಾ. ಅಚ್ಛಾ ಬೋಲಾ ಥಾ ಮೈನೇ."

ಆ ಸಂಜೆ ಕಾಕಾ ಮೇಲೆ ಬಂದರು. "ಅಣ್ಣಾರ, ಒಂದ ಮಾತಿನ ಸಲುವಾಗಿ ಇವತ್ತ ಮಗನ್ನ ಕಳಕೋತಿದ್ದೆ. ಆ ತಾಯಿನ್ನೂ ಕೊಲ್ಲತಿದ್ದೆ. ನನ್ನ ಮಾತು ನನ್ನ ಮಗಗ ತಿಳೀವಲ್ದು. ಅವಗ ಕನ್ನಡ ಕಲಸ್ರಿ" ಎಂದರು. ಹೇಳುತ್ತ ಅತ್ತರು. ಕಾಕಾ ಅಳುವುದನ್ನು ನಾವು ಅದೇ ಮೊದಲು ನೋಡಿದ್ದು, ಅವ್ವ ಚಹಾ ತರಲು ಹೋದವಳು ಒಳಗೇ ನಿಂತುಬಿಟ್ಟಳು.

ಮರುದಿನದಿಂದ ಹುಡುಗ ಸಂಜೆ ನಮ್ಮ ಮನೆಗೆ ಬರತೊಡಗಿದ. ಅಪ್ಪ ಕಲಿಸಿದ್ದಕ್ಕಿಂತ ಅವ್ವ ಮಾತಾಡಿಸಿ ಕಲಿಸಿದ್ದೇ ಹೆಚ್ಚು. 'ತಾಈ' ಹೋಗಿ 'ಅಕ್ಕಾ' ಆದೆ. ಗಾಡಿ ಆಮೇಲೆ ಲಾರಿ ಹತ್ತಿಯೇ ಊರು ದಾಟಿತು. ಟ್ರ್ಯಾಕಿನಲ್ಲಿ ಅಪ್ಪ ಮಗ ಪಾಳಿಯ ಮೇಲೆ ಓಡಿಸುತ್ತಿದ್ದರಂತೆ. ಆದರೆ ಕಾಕಾರ ಬಾಯಿಂದ 'ಚಲೋ' ಎಂಬ ಮಾತೇ ಹೋಗಿಬಿಟ್ಟಿತು. ಅವ್ವನ ಶೇಂಗಾ ಚಟ್ನಿ ತಿಂದರೆ "ಬೇಷ್ ಆಗೇತಿ" ಎನ್ನುವರು. ಆರೋಗ್ಯ ಕೇಳಿದರೆ "ಬರೋಬರ್ ಅದೀನಿ" ಎನ್ನುವರು. ಹೊರಡುವಾಗ ಹಿಂದಿಯವರಿಗೂ "ನಿಕಲ್ತೇ ಹೈಂ" ಎಂದೇ ಹೇಳುವರು. ಹುಬ್ಬಳ್ಳಿಯವನೊಬ್ಬ ಚಲೋ ಅನ್ನದೆ ಬದುಕುವುದೆಂದರೆ ಊಟದಲ್ಲಿ ರೊಟ್ಟಿ ಬಿಟ್ಟ ಹಾಗೆ. ನಮಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ.

ಕಾಕಾಗೆ ಹೃದಯದ ತೊಂದರೆ ಶುರುವಾಗಿ ಆಸ್ಪತ್ರೆ ಸೇರಿದಾಗ ನಾನು ಮಧ್ಯಾಹ್ನದ ಹೊತ್ತು ನೋಡಲು ಹೋಗುತ್ತಿದ್ದೆ. ಬರಬರುತ್ತ ಮಾತು ಕಡಿಮೆಯಾಯಿತು. ನಾನು ಕೊನೆಯ ಸಲ ಹೋದ ದಿನ ಕಣ್ಣು ಮುಚ್ಚಿಯೇ ಇದ್ದರು. ಮಗ ಅವರ ಬಾಯಿಯ ಹತ್ತಿರ ಕಿವಿ ತಂದು, ನಮ್ಮ ಅವ್ವನದೇ ರಾಗದಲ್ಲಿ ಕೇಳಿದ, "ಪಪ್ಪಾ, ಹೆಂಗದೀರಿ?"

ಕಾಕಾ ಕಣ್ಣು ತೆರೆದರು. "ಚಲೋ" ಎಂದರು.

ಹುಡುಗ ತಟ್ಟನೆ ನನ್ನ ಕಡೆ ತಿರುಗಿದ. ನಾನು ಕಾಕಾರ ಹೊದಿಕೆ ಸರಿಮಾಡಿದೆ. ಮರುದಿನ ಬೆಳಿಗ್ಗೆ ಕಾಕಾ ಹೋದರು.

ಕಳೆದ ವಾರ ಆ ವಿಮಾನದ ಕೆಲಸ ಮುಗಿಸಿ ಕಂಪನಿಯ ಕ್ಯಾಬಿನಲ್ಲಿ ಮನೆಗೆ ಬಂದಾಗ, ಗೇಟಿನ ಹಂಪಿನ ಮೇಲೆ ಹಳದಿ ಗಾಡಿ ಓರೆಯಾಗಿ ನಿಂತಿತ್ತು. ಈಗ ಅಂಗಡಿ ನೋಡಿಕೊಳ್ಳುವವನು ಕಾಕಾರ ಮಗನೇ. ಇತವಾರಿಯ ಕೈಗಾಡಿಯವರು ಈಗ ಅವನನ್ನು ಕಾಡುತ್ತಾರಂತೆ. ಒಂದೊಂದೇ ಚಕ್ರ ದಾಟಿಸಿ ಒಳಗೆ ಬಂದು ಗಾಜು ಇಳಿಸಿದ. ಹ್ಯಾಂಗರಿನ ಬ್ರೇಕಿನ ವಾಸನೆಯ ಸುದ್ದಿ ಹೇಳಿದೆ. ಅವನು ಎಂಜಿನ್ ಬಂದ್ ಮಾಡಿದ. ಕಾಕಾ ಹೋದ ಮೇಲೆ ನಾವಿಬ್ಬರೂ ಎಂದೂ ಎತ್ತದ ಮಾತನ್ನು ಅವನು ಅವತ್ತು ಎತ್ತಿದ.

"ಅಕ್ಕಾ, ನಾ ಕನ್ನಡದಾಗ ಕೇಳಿದ್ದೆ. ಅಂದಮ್ಯಾಲ ಪಪ್ಪಾನೂ ಕನ್ನಡದಾಗ ಹೇಳ್ಯಾರ. ಹೌದಲ್ಲ?"

"ಹೌದಪಾ" ಎಂದೆ.

ಅವನ ಮುಖ ಹಗುರವಾಯಿತು. ಆ ಮಧ್ಯಾಹ್ನ ಅವನು ಅಪ್ಪನ ಬಾಯಿಗೆ ಕಿವಿ ಕೊಟ್ಟಿದ್ದ, ಕಣ್ಣು ನೋಡಿದವಳು ನಾನೊಬ್ಬಳೇ. ಆ ಮಾತು ಆಡುವಾಗ ಕಾಕಾರ ಕಣ್ಣು ಮಗನ ಮೇಲಿರಲಿಲ್ಲ, ಬಾಗಿಲ ಮೇಲಿತ್ತು. ಅದನ್ನು ನಾನು ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.