ಎಡಗಡೆ ದೀಪದ ಬೋಲ್ಟು

ಹೊಸ ಬಣ್ಣದ ವಾಸನೆ ಬಂದರೆ ಬೇರೆಯವರಿಗೆ ಹಬ್ಬವೋ ಮದುವೆಯೋ ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ. ಅದರಲ್ಲೂ ಹಸಿರು ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿದರೆ ಎದ್ದು ಬೇರೆ ಕೋಣೆಗೆ ಹೋಗಿಬಿಡುತ್ತೇನೆ. ಕಳೆದ ವಾರ ಹಾಗೆ ಎದ್ದು ಹೋಗಲು ಆಗಲಿಲ್ಲ. ನನ್ನ ತಮ್ಮನ ಮೊಮ್ಮಗನ ಮದುವೆಗೆಂದು ಗೋಕಾಕದ ತವರುಮನೆಗೆ ಬಂದಿದ್ದೆ. ಆ ಹುಡುಗ ಹಿತ್ತಲಿನ ಪತ್ರಾಸಿನ ಶೆಡ್ಡಿನಲ್ಲಿ ಐವತ್ತು ವರ್ಷದಿಂದ ಪಾರಿವಾಳ ಕೂತು ಹೊಲಸಾಗಿದ್ದ ನಮ್ಮಪ್ಪನ ಮೋಟಾರು ಕಾರನ್ನು ಕೊಲ್ಲಾಪುರಕ್ಕೆ ಸಾಗಿಸಿ, ರಿಪೇರಿ ಮಾಡಿಸಿ, ಮದುವೆಯ ಮೆರವಣಿಗೆಗೆಂದು ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಹಳೆಯ ಬಣ್ಣವನ್ನೇ ಹುಡುಕಿ ಹಚ್ಚಿಸಿದ್ದನಂತೆ. ಮನೆಯ ತುಂಬ ಅದೇ ವಾಸನೆ. ಎಲ್ಲಿಗೆ ಹೋಗಲಿ?

ಆ ಮೋಟಾರು ಓಡಿಸುತ್ತಿದ್ದವರನ್ನು ನಾವು ಡ್ರೈವರ್ ಕಾಕಾ ಎನ್ನುತ್ತಿದ್ದೆವು. ಕೊಣ್ಣೂರಿನವರು. ದಂಡಿನಲ್ಲಿ ಲಾರಿ ಹೊಡೆದು ಯುದ್ಧ ಮುಗಿದ ಮೇಲೆ ಊರಿಗೆ ಮರಳಿದ್ದರು. ತೆಳ್ಳಗಿನ ಮನುಷ್ಯ, ಖಾಕಿ ಅಂಗಿ, ಕಿವಿಯ ಹಿಂದೆ ಸದಾ ಒಂದು ಬೀಡಿ. ಆದರೆ ಮೋಟಾರಿನ ಹತ್ತಿರ ಅದನ್ನು ಹಚ್ಚಿದ್ದು ನಾನು ನೋಡಿಲ್ಲ. ಈ ಬರಹದಲ್ಲಿ ಡ್ರೈವರಿಗೆ ಬಹುವಚನ, ಹೆತ್ತ ಅಪ್ಪನಿಗೆ ಏಕವಚನ ಬರುತ್ತದೆ. ತಿಳಿದೇ ಬರೆಯುತ್ತಿದ್ದೇನೆ.

ನಮ್ಮದು ಬೆಲ್ಲದ ವ್ಯಾಪಾರ ಮಾಡುವ ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಮುಳುಗಿದ ಮೇಲೆ ಬಾಯಿಗೆ ಅನ್ನ ಇಲ್ಲ. ಹೀಗಾಗಿ ಅಪ್ಪ ಮೂಡಲಗಿಗೆ ಹೋಗಲಿ, ಸಂಕೇಶ್ವರಕ್ಕೆ ಹೋಗಲಿ, ಬಿಸಿಲು ಇಳಿಯುವ ಹೊತ್ತಿಗೆ ಮೋಟಾರು ಮನೆಯ ಮುಂದೆ ಬಂದು ನಿಂತಿರುತ್ತಿತ್ತು. ಕೊಂಡ ಮೇಲೆ ಅದು ಕತ್ತಲೆಯನ್ನೇ ಕಂಡಿರಲಿಲ್ಲ. ಅದರ ದೀಪ ಹೊತ್ತುತ್ತದೋ ಇಲ್ಲವೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಗರಜೂ ಇರಲಿಲ್ಲ. ಹಗಲಲ್ಲಿ ಹೊಳೆದರೆ ಸಾಕಿತ್ತು.

ಹೊಳೆಸುವ ಕೆಲಸಕ್ಕೆ ಅಪ್ಪ ಹಿಡಿದಿದ್ದು ಗೋಕಾಕದ ಒಬ್ಬ ಗೊಂಬೆಯವನನ್ನು. ಕಟ್ಟಿಗೆಯ ಹಣ್ಣು, ಗಿಳಿ ಮಾಡಿ ಬಣ್ಣ ಹಚ್ಚುವವನು. ಪಾಪ, ಅವನ ಕೈ ಒಳ್ಳೆಯದು. ಆದರೆ ಗೊಂಬೆಗೆ ಹಚ್ಚಿದ ಹಾಗೆಯೇ ಮೋಟಾರಿಗೂ ಹಚ್ಚುತ್ತಿದ್ದ. ಒಂದು ಎಳ್ಳಿನಷ್ಟು ಜಾಗ ಬರಿದಾಗಿ ಉಳಿದರೆ ಅವನಿಗೆ ಅವಮಾನ. ನಟ್ಟು, ಬೋಲ್ಟು, ತಂತಿ ಕೂಡುವ ಸಂದಿ, ಎಲ್ಲವನ್ನೂ ಬಿಚ್ಚಿ ಹಸಿರು ಬಳಿದು ಮತ್ತೆ ಬಿಗಿಯುತ್ತಿದ್ದ. ಪ್ರತಿ ದೀಪಾವಳಿಗೆ ಹೊಸ ಪದರ. ಜನ ಬಂದು ನೋಡಿ ತಲೆದೂಗುತ್ತಿದ್ದರು, ಅಪ್ಪ ಕಟ್ಟೆಯ ಮೇಲೆ ಕೂತು ಉಬ್ಬುತ್ತಿದ್ದ.

ದೀಪದ ಚಿಂತೆ ಇದ್ದದ್ದು ಡ್ರೈವರ್ ಕಾಕಾ ಒಬ್ಬರಿಗೇ. ಶೆಡ್ಡಿನ ಬಾಗಿಲು ಮುಂದೆ ಮಾಡಿ, ದೀಪದ ಮೇಲೆ ತಮ್ಮ ಕಂಬಳಿ ಹೊದಿಸಿ, ಅದರೊಳಗೆ ತಲೆ ತೂರಿಸಿ ಪರೀಕ್ಷೆ ಮಾಡುತ್ತಿದ್ದರು. ಒಳಗೆ ಕೂತು ಸ್ವಿಚ್ಚು ಒತ್ತಲು ಒಬ್ಬರು ಬೇಕಲ್ಲ, ಆ ಕೆಲಸ ನನ್ನದು. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದೆ, ಮದುವೆಯ ಮಾತು ನಡೆದಿತ್ತು, ನನಗೆ ಬೇರೆ ಕೆಲಸವೂ ಇರಲಿಲ್ಲ. ದೀಪ ಒಮ್ಮೆ ಎಣ್ಣೆ ತೀರಿದ ಹಣತೆಯ ಹಾಗೆ ಮಿಣಕ್ ಎನ್ನುತ್ತಿತ್ತು, ಒಮ್ಮೆ ಸುಮ್ಮನೆ ಆರಿಹೋಗುತ್ತಿತ್ತು. ಹೊಸ ಬಲ್ಬು ಹಾಕಿದರೂ ಅಷ್ಟೇ. ಕೊನೆಗೊಂದು ದಿನ ಅವರು ನನ್ನನ್ನು ಕೆಳಗೆ ಕರೆದು, ಎಡಗಡೆ ದೀಪದ ಬುಡದಲ್ಲಿದ್ದ ಬೋಲ್ಟನ್ನು ತೋರಿಸಿದರು. ಎರಡೂ ದೀಪದ ತಂತಿಗಳು ಬಂದು ಅಲ್ಲೇ ಕಟ್ಟಿಸಿಕೊಂಡಿದ್ದವು.

"ಕರೆಂಟು ಬಂದದ್ದು ಹೊಳ್ಳಿ ಹೋಗಾಕ ದಾರಿ ಬೇಕ್ರಿ ಅಕ್ಕಾರ. ಕಬ್ಬಿಣಕ್ಕ ಕಬ್ಬಿಣ ಹತ್ತಬೇಕು. ನಡುವ ಬಣ್ಣ ಬಂದ್ರ ದಾರಿ ಕಟ್ಟತೈತಿ," ಎಂದರು.

ಬೋಲ್ಟು ಸಡಿಲಿಸಿ, ಅದರ ಕೆಳಗಿನ ಬಣ್ಣವನ್ನು ಚಾಕುವಿನಿಂದ ಕೆರೆದರು. ರೂಪಾಯಿ ಅಗಲದ ಜಾಗದಲ್ಲಿ ಬಿಳಿ ಕಬ್ಬಿಣ ಕಂಡಿತು. ಮತ್ತೆ ಬಿಗಿದು ನನಗೆ ಸ್ವಿಚ್ಚು ಒತ್ತಲು ಹೇಳಿದರು. ಹಗಲಲ್ಲೇ ಕಂಬಳಿಯ ನೂಲಿನ ಸಂದಿಯಿಂದ ಬೆಳಕು ಹೊರಗೆ ಬಂತು. ನಾನು ಚಪ್ಪಾಳೆ ತಟ್ಟಿದ್ದೆ...

ಮರುದಿನ ಅಪ್ಪನ ಕಣ್ಣಿಗೆ ಆ ಕೆರೆದ ಜಾಗ ಬಿತ್ತು. ಮಗಳ ಗಲ್ಲ ಪರಚಿದಂತೆ ಮಾಡಿದೆಯಲ್ಲ ಎಂದು ಅಂಗಳದಲ್ಲಿ ನಾಲ್ಕು ಜನರೆದುರು ಕಾಕಾರನ್ನು ಬೈದ. ಗೊಂಬೆಯವನನ್ನು ಕರೆಸಿ ಮತ್ತೆ ಹಸಿರು ಬಳಿಸಿದ. ಕಾಕಾ ಮತ್ತೆ ಕೆರೆದರು. ಅಪ್ಪ ಮತ್ತೆ ಬಳಿಸಿದ. ಮೂರನೆಯ ಸಲ ಬಳಿಸಿ, ಇನ್ನೊಮ್ಮೆ ಕೆರೆದರೆ ಕೆಲಸದಿಂದ ತೆಗೆಯುವುದಾಗಿ ಹೇಳಿದ.

"ಹೊತ್ತ ಮುಳುಗೂದ್ರಾಗ ಮನಿ ಸೇರೋ ಮಂದಿ ನಾವು. ನಮಗ ಲೈಟ್ ತಗೊಂಡು ಏನ ಮಾಡೂದೈತಿ?" ಎಂದ.

ಮಾಡುವುದೇನು ಎಂಬುದು ಆ ಚಳಿಗಾಲದಲ್ಲೇ ತಿಳಿಯಿತು. ನಮ್ಮ ಜಿಲ್ಲೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಒಂದೆರಡು ವರ್ಷವಾಗಿತ್ತು. ಹುಕ್ಕೇರಿಯಲ್ಲಿ ನನ್ನ ಸೋದರಮಾವನ ಮನೆಗೆ ಅದೇ ಊರಿನ ಗಂಡಿನವರು ಬಂದು ನನ್ನನ್ನು ನೋಡುವುದೆಂದು ಗೊತ್ತಾಗಿತ್ತು. ಅವರು ಬಂದದ್ದು ತಡವಾಯಿತು. ಅವರೂ ನಮ್ಮವರೇ, ಊಟ ಮಾಡದೆ ಯಾರೂ ಏಳುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಊಟ ಮಾಡುವಂತಿಲ್ಲ. ಹೀಗಾಗಿ ಅವಸರ ಅವಸರವಾಗಿ ಉಂಡು ಕೈ ತೊಳೆದಾಗ ಸೂರ್ಯ ಸರಿಯಾಗಿ ಮುಳುಗಿದ್ದ. ಅವ್ವ ತನ್ನ ತವರಿನಲ್ಲಿ ಎರಡು ದಿನ ಉಳಿದಳು. ಊರಲ್ಲಿದ್ದ ತಮ್ಮನಿಗೆ ಬೆಳಿಗ್ಗೆ ಅಡುಗೆಯಾಗಬೇಕೆಂದು ನನ್ನನ್ನು ಹೊರಡಿಸಿದರು. ಮರುದಿನ ಮೂಡಲಗಿ ಸಂತೆ, ಅಪ್ಪನಿಗೆ ನಿಲ್ಲುವ ಮನಸ್ಸಿಲ್ಲ.

"ಸಾವಕಾರ್ರ, ಇವತ್ತ ಇಲ್ಲೇ ವಸ್ತಿ ಮಾಡೂನ್ರಿ. ಲೈಟಿನ ಭರೋಸಾ ಇಲ್ರಿ," ಎಂದು ಕಾಕಾ ಬಾಗಿಲಲ್ಲಿ ನಿಂತು ಹೇಳಿದರು. ಬೀಗರಾಗುವವರ ಎದುರು ತನ್ನ ಮೋಟಾರಿಗೆ ಕುಂದು ಹೇಳಿದನೆಂದು ಅಪ್ಪನ ಮುಖ ಕೆಂಪಾಯಿತು. ಸುಮ್ಮನೆ ಗಾಡಿ ತೆಗೆ ಎಂದ.

ಹುಕ್ಕೇರಿ ದಾಟಿ ನಾಲ್ಕಾರು ಮೈಲು ದೀಪ ಹಳದಿಯಾಗಿ ಉರಿಯಿತು. ಕಾಕಾ ಎತ್ತಿನ ನಡಿಗೆಗಿಂತ ತುಸು ಜೋರಾಗಿ ಬಿಡುತ್ತಿದ್ದರು, ಅಪ್ಪ ಬೇಗ ಬೇಗ ಎನ್ನುತ್ತಿದ್ದ. ಒಂದು ತಿರುವಿನಲ್ಲಿ ಗಾಡಿ ಕುಲುಕಿತು, ಎರಡೂ ದೀಪ ಒಟ್ಟಿಗೆ ಆರಿದವು. ಕಾಕಾ ಬ್ರೇಕು ತುಳಿದರು. ಎದುರಿಗೆ ಕಬ್ಬಿನ ಚಕ್ಕಡಿ. ಅದರ ಪಕ್ಕದಲ್ಲಿ ನಡೆದು ಬರುತ್ತಿದ್ದ ಮುದುಕನಿಗೆ ಮಡ್‌ಗಾರ್ಡು ತಾಗಿತು. ಮೆಲ್ಲಗೇ ತಾಗಿದ್ದು, ಆದರೆ ಮುದುಕ ಬಿದ್ದ, ಸೊಂಟ ಮುರಿಯಿತು. ಅವನು ಅವ್ವಾ ಎಂದು ಕೂಗಿದ ಧ್ವನಿ ಇನ್ನೂ...

ಕಾಕಾ ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಮಲಗಿಸಿದರು. ಚಕ್ಕಡಿಯ ಕಂದೀಲು ಇಸಿದುಕೊಂಡು ಮೋಟಾರಿನ ಮುಂದೆ ಕಟ್ಟಿದರು. ಆ ಕಂದೀಲಿನ ಬೆಳಕಿನಲ್ಲಿ ಗೋಕಾಕದ ದವಾಖಾನೆಗೆ ತಲುಪಿಸಿ, ನಮ್ಮನ್ನು ಮನೆಗೆ ಬಿಟ್ಟು, ಮತ್ತೆ ನಡೆದುಕೊಂಡು ಮುದುಕನ ಹತ್ತಿರ ಹೋಗಿ ಕೂತರು. ಅಪ್ಪ ಹೋಗಲಿಲ್ಲ.

ಬೆಳಿಗ್ಗೆ ಮೋಟಾರಿನಲ್ಲಿ ಬಿಟ್ಟಿದ್ದ ಶಾಲು ತರಲು ನಾನು ಶೆಡ್ಡಿಗೆ ಹೋದೆ. ಒಳಗೆ ಅಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ಎಡಗಡೆ ದೀಪದ ಬುಡ. ಕೈಯಲ್ಲಿ ಚಾಕು. ಬೋಲ್ಟು ಸಡಿಲಿಸಿ ಬಣ್ಣ ಕೆರೆಯುತ್ತಿದ್ದ. ಕಾಕಾ ಕೆರೆಯುತ್ತಿದ್ದ ಅದೇ ಜಾಗ, ಅದೇ ರೂಪಾಯಿ ಅಗಲ. ಅಂದರೆ ಇವನಿಗೆ ಎಲ್ಲವೂ ಗೊತ್ತಿತ್ತು. ಬೈಯುವಾಗಲೂ ಗೊತ್ತಿತ್ತು, ಬಳಿಸುವಾಗಲೂ ಗೊತ್ತಿತ್ತು. ನನ್ನನ್ನು ನೋಡಿ ಒಳಗೆ ಹೋಗೆಂದ. ಇದು ಹೊರಗೆ ಬಿದ್ದರೆ ಹುಕ್ಕೇರಿಯ ಸಂಬಂಧ ಮುರಿಯುತ್ತದೆ, ನೀನೇ ನಿನ್ನ ಕಾಲ ಮೇಲೆ ಕಲ್ಲು ಹಾಕಿಕೊಳ್ಳಬೇಡ ಎಂದ.

ಪೊಲೀಸ್ ಠಾಣೆಯಿಂದ ಫೌಜದಾರರು ಬಂದರು. ಶೆಡ್ಡಿನ ಬಾಗಿಲು ಮುಚ್ಚಿಸಿ ಸ್ವಿಚ್ಚು ಒತ್ತಿಸಿ ನೋಡಿದರು. ಎರಡೂ ದೀಪ ಝಗ್ಗನೆ ಹೊತ್ತಿ ಗೋಡೆ ಬೆಳಗಿತು. ದೀಪ ಸರಿಯಾಗಿಯೇ ಇವೆ, ಬ್ಯಾಟರಿ ಉಳಿಸಲು ಇವನೇ ಹಚ್ಚದೆ ಓಡಿಸಿದ ಎಂದು ಅಪ್ಪ ಹೇಳಿದ. ದವಾಖಾನೆಯಿಂದ ಬಂದು ನಿಂತಿದ್ದ ಕಾಕಾ ಬೋಲ್ಟಿನ ಕಡೆ ನೋಡಿದರು. ಅವರಿಗೆ ಕ್ಷಣದಲ್ಲಿ ತಿಳಿಯಿತು. ಇದನ್ನು ಈಗ ಕೆರೆದಿದ್ದಾರೆ ಎಂದರು. ಅಪ್ಪ ನಕ್ಕ. ಬಣ್ಣ ಕೆರೆಯುವ ಚಟ ಯಾರದು ಅಂತ ಗೊಂಬೆಯವನನ್ನು ಕೇಳಿ, ಊರನ್ನೇ ಕೇಳಿ ಎಂದ. ಅವರು ಕಾಳಜಿಯಿಂದ ಮಾಡಿದ ಕೆಲಸವನ್ನೇ ಅವರ ಕೊರಳಿಗೆ ಕಟ್ಟಿದ. ಹಾಗೆ ಹೇಳುವಾಗ ಅವನ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಇತ್ತು. ನಾನು ಫೌಜದಾರರಿಗೆ ಚಹಾ ತಂದು ನಿಂತಿದ್ದೆ, ಅದು ನನಗೆ ಕಾಣುತ್ತಿತ್ತು.

"ಅಕ್ಕಾರು ಗಾಡ್ಯಾಗ ಇದ್ರು. ಅವರ್ನ ಕೇಳ್ರಿ," ಎಂದರು ಕಾಕಾ. ಎಷ್ಟು ನಂಬಿಕೆಯಿಂದ ಹೇಳಿದರೆಂದರೆ, ಮುಗಿಯಿತು ಎಂಬಂತೆ ತಲೆಯ ರುಮಾಲು ಸರಿಮಾಡಿಕೊಂಡರು.

ಫೌಜದಾರರು ನನ್ನತ್ತ ತಿರುಗಿದರು. ಅಪ್ಪನೂ ನೋಡಿದ.

"ನಂಗ ನಿದ್ದಿ ಹತ್ತಿತ್ರಿ. ಏನೂ ಗೊತ್ತಿಲ್ರಿ," ಎಂದೆ.

ಅಷ್ಟೇ. ಬಾಯಿಂದ ಬಿದ್ದದ್ದು ಅಷ್ಟೇ. ಕಾಕಾ ನನ್ನನ್ನು ಬೈಯಲಿಲ್ಲ, ದಿಟ್ಟಿಸಿಯೂ ನೋಡಲಿಲ್ಲ. ಬೈದಿದ್ದರೆ ನನಗೆ ಇಷ್ಟು ವರ್ಷ ಇಷ್ಟು ಉರಿಯುತ್ತಿರಲಿಲ್ಲ. ಅವರ ಲೈಸೆನ್ಸು ಹೋಯಿತು. ದಂಡಿನಲ್ಲಿ ಲಾರಿ ಹೊಡೆದು ಒಂದು ಜೀವಕ್ಕೂ ಏಟು ಮಾಡದ ಮನುಷ್ಯನನ್ನು ಊರಿನವರು ದೀಪ ಹಚ್ಚದ ಡ್ರೈವರ್ ಎಂದು ಕರೆದರು. ನನ್ನ ಮದುವೆ ಮುಹೂರ್ತಕ್ಕೆ ಸರಿಯಾಗಿ ನಡೆಯಿತು. ಗೊಂಬೆಯವನು ಮದುವೆಗೆಂದು ಮೋಟಾರಿಗೆ ಮತ್ತೊಂದು ಪದರ ಬಳಿದ.

ಅಪ್ಪನ ಮೇಲಿನ ಸಿಟ್ಟು ಅವನ ಚಿತೆಯಲ್ಲಿಯೂ ಆರಲಿಲ್ಲ, ಆರಿತೆಂದು ಸುಳ್ಳು ಹೇಳಲಾರೆ. ಆದರೆ ಅಪ್ಪ ತನ್ನ ಮರ್ಯಾದೆಗಾಗಿ ಸುಳ್ಳು ಹೇಳಿದ. ನಾನು ಯಾವ ಘನಕಾರ್ಯಕ್ಕೆ ಹೇಳಿದೆ? ಆ ಸಂಬಂಧ ಮುರಿದಿದ್ದರೆ ಇನ್ನೊಂದು ಬರುತ್ತಿತ್ತು. ಈ ಪ್ರಶ್ನೆ ಕೇಳಿಕೊಂಡಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

ಆಮೇಲೆ ಅವರನ್ನು ಒಮ್ಮೆ ಮಾತ್ರ ಕಂಡೆ. ನಾಲ್ಕೈದು ವರ್ಷ ಕಳೆದಿರಬೇಕು. ಹಬ್ಬಕ್ಕೆ ತವರಿಗೆ ಬರುತ್ತಿದ್ದೆ, ಅದೇ ಮೋಟಾರು, ಬೇರೆ ಡ್ರೈವರ್. ಕೊಣ್ಣೂರಿನ ಹತ್ತಿರ ಕಬ್ಬಿನ ಚಕ್ಕಡಿಯೊಂದು ಅಡ್ಡವಿತ್ತು. ಇನ್ನೂ ಬೆಳಕಿತ್ತು, ಆದರೂ ಚಕ್ಕಡಿಯ ಮುಂದೊಂದು ಹಿಂದೊಂದು ಕಂದೀಲು ಹಚ್ಚಿಟ್ಟಿದ್ದರು. ಹಾರ್ನು ಕೇಳಿ ಎತ್ತುಗಳನ್ನು ಬದಿಗೆ ಸರಿಸಿದವರು ಕಾಕಾ. ಮೋಟಾರಿನ ದೀಪಗಳನ್ನು ಒಂದಾದ ಮೇಲೊಂದು ನೋಡಿದರು. ಗಾಜಿನೊಳಗಿದ್ದ ನನ್ನನ್ನು ನೋಡಿದರೋ ಇಲ್ಲವೋ... ಗಾಡಿ ನಿಲ್ಲಿಸು ಎನ್ನಬೇಕಿತ್ತು, ಸೆರಗು ಮುಂದೆಳೆದುಕೊಂಡೆ. ಮುಂದೆ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹುಕ್ಕೇರಿಯಲ್ಲಿ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದೆ. ಮಣ್ಣಿಗೂ ಹೋಗಲಿಲ್ಲ.

ಕಳೆದ ವಾರ ಸಂಜೆ ಮೊಮ್ಮಗ ಎಲ್ಲರನ್ನೂ ಅಂಗಳಕ್ಕೆ ಕರೆದು ಮೋಟಾರಿನ ದೀಪ ಹಚ್ಚಿದ. ಮಿಣಕ್ ಎಂದು ಆರಿದವು. ಕೊಲ್ಲಾಪುರದ ಮಿಸ್ತ್ರಿಗೆ ಫೋನು ಮಾಡಿದ. ಅವನು ವಾಯರಿಂಗ್ ಎಲ್ಲ ಹೊಸದು, ಬಲ್ಬು ಹೊಸದು ಎಂದನಂತೆ. ನಾನು ಒಳಗೆ ಹೋಗಿ ಹೆಚ್ಚುವ ಚಾಕು ತಂದೆ. ಹುಡುಗನಿಗೆ ಎಡಗಡೆಯ ಬೋಲ್ಟು ಸಡಿಲಿಸಲು ಹೇಳಿ, ಬಗ್ಗಿ ನಾನೇ ಕೆರೆದೆ. ಒಂದೆರಡು ಕಡೆ ಚಾಕು ಜಾರಿ ಹೊರಗಿನ ಬಣ್ಣಕ್ಕೂ ಗೀರು ಬಿತ್ತು. ಬಿಳಿ ಕಬ್ಬಿಣ ಕಂಡ ಮೇಲೆ ಬಿಗಿಸಿದೆ. ಸ್ವಿಚ್ಚು ಒತ್ತು ಎಂದೆ. ಎದುರಿನ ಗೋಡೆ ಪೂರ್ತಿ ಬೆಳಗಿತು, ಮನೆಯವರೆಲ್ಲ ಹೋ ಎಂದರು.

ಹುಡುಗ ಇಳಿದು ಬಂದು ಮೊದಲು ನೋಡಿದ್ದು ಗೀರನ್ನು.

"ಬಣ್ಣ ಹೋತಲ್ಲ ಆಯಿ. ಇರ್ಲಿ, ನಾಳೆ ಹಚ್ಚಿಸಿ ಮುಚ್ಚತೇನಿ," ಎಂದ.

ಮುಚ್ಚಿದರೆ ನಾನು ನಿನ್ನ ಮದುವೆಗೆ ನಿಲ್ಲುವುದಿಲ್ಲ ಎಂದೆ. ಧ್ವನಿ ಜೋರಾಯಿತೇನೋ, ಎಲ್ಲರೂ ತಿರುಗಿ ನೋಡಿದರು. ನೋಡಲಿ. ಕೇಳಬೇಕಾದ ಫೌಜದಾರರಿಲ್ಲ, ಅಪ್ಪನಿಲ್ಲ, ರುಮಾಲು ಸರಿಮಾಡಿಕೊಂಡು ನಿಂತವರೂ ಇಲ್ಲ. ಆದರೂ ಆ ಬೆಳಕಿನ ಎದುರು ನಿಂತು, ಅರವತ್ತು ವರ್ಷ ತಡವಾಗಿ, ಹೇಳಿದೆ.

"ಆವತ್ತ ನಂಗ ನಿದ್ದಿ ಹತ್ತಿದ್ದಿಲ್ಲ."

ಹುಡುಗ ಫೋನಿನಲ್ಲಿ ದೀಪದ ಫೋಟೋ ತೆಗೆಯುತ್ತಿದ್ದ. ಯಾವತ್ತು ಆಯಿ ಎಂದು ಕೇಳಿದ, ಉತ್ತರಕ್ಕೆ ಕಾಯದೆ ಇನ್ನೊಂದು ದೀಪದ ಕಡೆ ಹೋದ.