ಚೆಲ್ಲದೆ ಉಳಿದ ನೀರು

ನನಗಾಗ ಐವತ್ತೆಂಟು. ಏಳು ವರ್ಷದ ಹಿಂದಿನ ಮಾತು. ನಾನು ಕಸ ಗುಡಿಸುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಮೇಡಂ ಇದ್ದರು. ಅವರ ಬೆರಳ ತುದಿಗಳು ಯಾವಾಗಲೂ ಕಪ್ಪು. ಸೋಪು, ಸೀಗೆಪುಡಿ, ನಿಂಬೆಹಣ್ಣು, ಯಾವುದಕ್ಕೂ ಬಿಡದ ಕಪ್ಪು. ಅದೇ ಕೈಯಲ್ಲಿ ಚಿತ್ರಾನ್ನ ಉಣ್ಣುತ್ತಿದ್ದರು. ನೋಡಿದರೆ ಬೆಂಕಿಗೆ ಇಟ್ಟು ತೆಗೆದ ಕೈಯ ಹಾಗಿತ್ತು.

ಭದ್ರಾವತಿಯ ಕಾಗದನಗರದಲ್ಲಿ, ಮುಚ್ಚಿಹೋದ ಕಾಗದದ ಕಾರ್ಖಾನೆಯವರು ಅಪ್ಪನಿಗೆ ಕೊಟ್ಟಿದ್ದ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಆ ಸಾಲಿನಲ್ಲಿ ಜನ ಉಳಿದದ್ದು ಅವರ ಮನೆಯಲ್ಲಿ ಮಾತ್ರ. ನನ್ನದು ಹಳೇನಗರ. ಇಬ್ಬರಿಗೂ ಒಂದೇ ಬಸ್ಸು. ಬಸ್ಸಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಲ್ಯಾಬಿನ ಬಾಗಿಲು ತೆಗೆದ ಮೇಲೆ ಮಾತು ಶುರು, ಅದೂ ನನ್ನ ಜೊತೆಯಲ್ಲ, ಮೇಜಿನ ಮೇಲಿನ ಗಾಜಿನ ಪಾತ್ರೆಯ ಜೊತೆ.

"ಏನಮ್ಮ, ರಾತ್ರಿಯೆಲ್ಲ ಚೆನ್ನಾಗಿದ್ಯಾ?"

ಪಾತ್ರೆಯಲ್ಲಿ ನೀರು, ನೀರಿನಲ್ಲಿ ಮೇಡಂ ಕೈಯಾರೆ ಪುಡಿ ಅರೆದು ಒತ್ತಿದ ಕರೀ ಬಿಲ್ಲೆ, ಬಿಲ್ಲೆಗೆ ಕರೆಂಟಿನ ತಂತಿ. ಬಿಲ್ಲೆಯ ಮೈಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಲೇ ಇರುತ್ತಿತ್ತು. ಕೆಳಗೆ ಒಲೆಯಿಲ್ಲ, ನೀರು ಕುದಿಯುವುದಿಲ್ಲ, ಆದರೂ ಗುಳ್ಳೆ. ನೀರಿನ ತಳದಲ್ಲಿ ಯಾರೋ ಕೂತು ಉಸಿರು ಬಿಟ್ಟ ಹಾಗೆ.

"ಇದೇನ್ ಮೇಡಂ ಇದು?" ಅಂದೆ ಒಮ್ಮೆ.

"ನೀರನ್ನ ಒಡೆದು ಗ್ಯಾಸ್ ಮಾಡುತ್ತೆ. ಆ ಗ್ಯಾಸಲ್ಲಿ ಬಸ್ಸು ಓಡಿಸಬಹುದು, ಹೊಗೇನೇ ಬರಲ್ಲ. ಬೇರೆಯವರು ಪ್ಲಾಟಿನಂ ಹಾಕ್ತಾರೆ, ನಾನು ಕಬ್ಬಿಣ ಹಾಕಿದೀನಿ. ಭದ್ರಾವತಿಯವಳು ಇನ್ನೇನು ಹಾಕ್ಲಿ?"

ತಿಂಗಳು ಪೂರ್ತಿ ನಿಲ್ಲದೆ ಓಡಿದರೆ ಮಾತ್ರ ಆ ಬಿಲ್ಲೆಯನ್ನು ನಂಬುತ್ತಾರಂತೆ. ನಡುವೆ ನಿಂತರೆ ಮತ್ತೆ ಮೊದಲಿಂದ. ಮೇಡಂ ಕೈಕೆಳಗಿನ ಹುಡುಗಿಯ ಪಿಎಚ್‌ಡಿ ಅದರ ಮೇಲೆಯೇ ಇತ್ತು. ಅವಳಿಗೆ ಕೊಟ್ಟ ಕಾಲ ಮುಗಿಯುತ್ತಾ ಬಂದಿತ್ತು. ಮೊದಲಿಂದ ಮಾಡುವಷ್ಟು ಪುರುಸೊತ್ತು ಇರಲಿಲ್ಲ.

ಆ ದಿನ ಹನ್ನೊಂದರ ಟೀ ಆದ ಮೇಲೆ ಗುಡಿಸಲು ಹೋದೆ. ಮೇಡಂ ಪಾತ್ರೆಯ ಎದುರು ಕೂತಿದ್ದರು.

"ಕಾಲು ಎತ್ತಿ ಮೇಡಂ" ಅಂದೆ.

ದಿನವೂ ನನ್ನ ಕಡೆ ನೋಡದೆಯೇ ಎತ್ತುತ್ತಿದ್ದರು. ಎತ್ತಲಿಲ್ಲ. ಕಾಲಿನ ಸುತ್ತ ಗುಡಿಸಿದೆ. ಟೀ ಮೇಲೆ ಕೆನೆ ಕಟ್ಟಿತ್ತು. ಮತ್ತೊಮ್ಮೆ ಹೇಳಿದೆ. ಕಣ್ಣು ತೆರೆದೇ ಇತ್ತು, ಗುಳ್ಳೆಗಳ ಮೇಲೆ. ಅವರ ಎದೆ ಏಳುತ್ತಿರಲಿಲ್ಲ. ಗುಳ್ಳೆ ಏಳುತ್ತಿತ್ತು.

ಶಿವಮೊಗ್ಗದಿಂದ ಆಂಬುಲೆನ್ಸ್ ಬಂದು ಒಯ್ದ ಮೇಲೆ ಅಟೆಂಡರ್ ಹೇಳಿದ, "ಅಕ್ಕಾ, ನೀರೆಲ್ಲ ಚೆಲ್ಲಿಬಿಡು. ಸಾವಾದ ಕೋಣೆ."

ನಮ್ಮಲ್ಲಿ ಹಾಗೆಯೇ. ಹೆಣ ಎತ್ತಿದ ಮೇಲೆ ತುಂಬಿಟ್ಟ ನೀರು ಉಳಿಸುವುದಿಲ್ಲ. ಉಳಿಸಿದರೆ ಹೋದವರು ಅದರಲ್ಲಿ ಇಳಿದು ಕೂರುತ್ತಾರೆ ಅನ್ನುತ್ತಿದ್ದಳು ನಮ್ಮವ್ವ. ನನ್ನ ಗಂಡ ಸತ್ತಾಗ ಹಂಡೆಯಿಂದ ಚೊಂಬಿನವರೆಗೆ ಎಲ್ಲವನ್ನೂ ಬೋರಲು ಹಾಕಿದವಳು ನಾನು. ಕ್ಯಾನು, ಬಕೆಟ್ಟು, ಕುಡಿಯುವ ನೀರಿನ ಬಾಟಲಿ, ಎಲ್ಲ ಸುರಿದೆ. ಉಳಿದದ್ದು ಆ ಪಾತ್ರೆ. ಕೈ ಚಾಚಿದೆ. ಗುಳ್ಳೆ ಜೋರಾಯಿತು. ನನ್ನ ಕಣ್ಣಿಗೆ ಹಾಗೆ ಕಂಡಿತು. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಅಂದಳು, "ಚೆಲ್ಲಿಬಿಡಿ ಅಮ್ಮಾ. ನಂಗೆ ಅದನ್ನ ನೋಡಕ್ಕಾಗಲ್ಲ. ಪಿಎಚ್‌ಡಿನೂ ಬೇಡ, ಏನೂ ಬೇಡ."

"ನೋಡಕ್ಕಾಗದಿದ್ರೆ ಕಣ್ಣು ಮುಚ್ಕೋ ಮಾರಾಯ್ತಿ. ಮೇಡಂ ಚೆಲ್ಲು ಅಂದಿಲ್ಲ."

"ಅಕ್ಕಾ, ಅವ್ರು ಇಲ್ಲೇ ಉಳ್ಕೋತಾರೆ!" ಅಂದ ಅಟೆಂಡರ್.

"ಉಳ್ಕೊಳ್ಳಲಿ. ಬದುಕಿದ್ದಾಗ ಇನ್ನೆಲ್ಲಿದ್ರು?"

ಅವನು ಸ್ವಿಚ್ಚಿಗೆ ಕೈ ಹಾಕಹೋದ. ಪೊರಕೆ ಎತ್ತಿದೆ. ಗೊಣಗುತ್ತಾ ಹೋದ.

ಸಂಜೆಯೊಳಗೆ ಮಣ್ಣಾಯಿತು. ಮೈ ತೊಳೆದ ಹೆಂಗಸರು ಬೆರಳುಗಳನ್ನು ಉಜ್ಜಿ ಉಜ್ಜಿ ಸೋತರು. ಬಿಲ್ಲೆ ಮುಂದೆ ತಿಂಗಳು ಮುಗಿಸಿತು, ಹುಡುಗಿಗೆ ಪಿಎಚ್‌ಡಿಯೂ ಆಯಿತು. ಅದನ್ನು ಹೇಳುವವರು ಬೇರೆ ಇದ್ದಾರೆ.

ನಾನು ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಹುಡುಗಿ ಹಾಸ್ಟೆಲಿನಲ್ಲಿ ಊರಿಗೆ ಹೊರಡಲು ಬ್ಯಾಗು ತುಂಬುತ್ತಿದ್ದಳು. ರಟ್ಟೆ ಹಿಡಿದು ಲ್ಯಾಬಿಗೆ ಕರೆತಂದೆ.

"ಆ ರೂಮಲ್ಲಿ ಒಬ್ಳೇ ಇರಲ್ಲ ಅಮ್ಮಾ."

"ಒಬ್ಳೇ ಇರು ಅಂತ ಯಾರಂದ್ರು?"

ಪಾತ್ರೆಯಲ್ಲಿ ಕಮ್ಮಿಯಾಗಿದ್ದಷ್ಟು ನೀರನ್ನು ಅವಳ ಕೈಯಲ್ಲೇ ಹಾಕಿಸಿದೆ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು, ಮೇಡಂ ಕುರ್ಚಿಗೆ ಬೆನ್ನು ಮಾಡಿ, ಮನೆಯಿಂದ ತಂದ ಅವರೆಕಾಯಿ ಸುಲಿಯುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಹಿಂದೆ ಆ ಖಾಲಿ ಕುರ್ಚಿ ಕಿರ್ ಅಂದಿತು. ಲೆಕ್ಕ ಬರೆದುಕೊಳ್ಳುತ್ತಿದ್ದ ಹುಡುಗಿಯ ಕೈ ನಿಂತಿತು.

"ನಿನ್ ಕೆಲಸ ನೀನು ಮಾಡು" ಅಂದೆ. ಬುಟ್ಟಿ ಮುಗಿಯುವವರೆಗೆ ತಿರುಗಿ ನೋಡದೆ ಸುಲಿದೆ.