ರೊಟ್ಟಿ ಸಪ್ಪಳಕ್ಕೆ ಹೊರಬಂದ ಬೆಕ್ಕು

ಬೆಟಗೇರಿಯಲ್ಲಿ ನನ್ನದೊಂದು ಬೈಂಡಿಂಗ್ ಅಂಗಡಿ; ಮನೆ ಅದರ ಹಿಂದೆಯೇ. ಪುಸ್ತಕದ ಬೆನ್ನಿಗೆ ಹಚ್ಚುವ ಮೈದಾ ಅಂಟಿನ ರುಚಿ ಹತ್ತಿದ ಇಲಿಗಳು ನನ್ನ ಜೀವ ತಿಂದುಬಿಟ್ಟಿದ್ದವು. ಔಷಧ ಇಡಲು ಹೆಂಡತಿ ಒಪ್ಪಲಿಲ್ಲ, ಬೆಕ್ಕು ತರೋಣ ಎಂದಳು. ಮರಿ ತರೋಣ ಎಂದು ನಾನು, ದೊಡ್ಡದು ತರೋಣ ಎಂದು ಅವಳು. ಮುಂಡರಗಿ ರಸ್ತೆಯ ಕಡೆ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಒಂದು ಆಶ್ರಯವಿದೆ ಎಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು.

"ಮರಿನ್ನ ಎಲ್ಲಾರೂ ಒಯ್ತಾರ್ರಿ. ದೊಡ್ಡವ ಪಾಪ ಅಲ್ಲೇ ಉಳಿತಾವ," ಎಂದಳು. ನಮ್ಮ ಮನೆಯಲ್ಲಿ ಇಂಥ ವಾದಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆಶ್ರಯದಲ್ಲಿ ನಾವು ಆರಿಸಿದ ಬೆಕ್ಕು, ಅಂದರೆ ಅವಳು ಆರಿಸಿದ್ದು, ನಮಗೆ ಬೆನ್ನು ಮಾಡಿ ಕುಳಿತಿತ್ತು. ಬೂದಿ ಬಣ್ಣ, ಹರಿದ ಒಂದು ಕಿವಿ.

"ಇದು ಮುಖಾನ ತೋರಸವಲ್ದಲ್ರಿ," ಎಂದೆ.

"ಮನಸ್ಸು ಬಂದಾಗ ತೋರಸ್ತೈತ್ರಿ," ಎಂದರು ಆಶ್ರಯ ನಡೆಸುವ ಹೆಣ್ಣುಮಗಳು. "ಲಕ್ಷ್ಮೇಶ್ವರದ ಸಂತ್ಯಾಗ ಚೀಲದಾಗ ಕಟ್ಟಿ ಒಗದು ಹೋಗಿದ್ರು. ಯಾರ ಮನೀದೋ ಗೊತ್ತಿಲ್ಲ. ಹೊಸಾ ಜಾಗಾದಾಗ ಉಪಾಸ ಬಿದ್ದೀತು, ನೋಡ್ಕೋರಿ. ಉಣ್ಣಲಾರದ ಬೆಕ್ಕಿನ ಲಿವರ್ ಜಲ್ದಿ ಕೆಡತೈತಿ. ಹಂಗೇನರ ಆದ್ರ ತಿರುಗಿ ನನ್ನ ಕಡೆ ತಂದುಬಿಡ್ರಿ."

ಚೀಲದ ಮಾತು ನನಗೆ ಹೊಸದಾಗಿರಲಿಲ್ಲ. ನಮ್ಮ ಕಡೆ ಬೇಡವಾದ ಬೆಕ್ಕನ್ನು ಸಾಗಹಾಕುವುದೇ ಹಾಗೆ: ದಾರಿ ಕಾಣಬಾರದು, ತಿರುಗಿ ಬರಬಾರದು. ತರುವಾಗಲೂ ಒಂದು ಪದ್ಧತಿ ಉಂಟು. ಬುಟ್ಟಿಗೆ ಬಟ್ಟೆ ಮುಚ್ಚಿ ತಂದು, ಹೊಸ್ತಿಲ ಮುಂದೆ ಮೂರು ಸುತ್ತು ತಿರುಗಿಸಿ ಒಳಗೆ ಒಯ್ಯಬೇಕು. ಆಗ ಅದಕ್ಕೆ ದಿಕ್ಕು ತಪ್ಪಿ ಹಳೆಯ ಮನೆ ಮರೆತುಹೋಗುತ್ತದಂತೆ. ಸೊರಟೂರಿನಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಇದನ್ನು ಹೇಳಿದ ಧಾಟಿ ಸಲಹೆಯದಲ್ಲ, ಹುಕುಂ. ಇಂಥದಕ್ಕೆಲ್ಲ ನಗುವವನು ನಾನು. ಆದರೂ ನಡುಬೀದಿಯಲ್ಲಿ ನಿಂತು, ಯಾರಾದರೂ ನೋಡಿಯಾರೆಂದು ಗಡಿಬಿಡಿಯಲ್ಲಿ ಬುಟ್ಟಿ ತಿರುಗಿಸಿದೆ. ಒಳಗಿನಿಂದ ಒಂದೇ ಒಂದು ಸಣ್ಣ ಕೂಗು ಬಂತು. ಬುಟ್ಟಿ ತೆರೆದದ್ದೇ ತಡ, ಬೆಕ್ಕು ಮಂಚದ ಕೆಳಗೆ ಸೇರಿತು.

ಸೇರಿದ್ದು ಹೊರಗೆ ಬರಲಿಲ್ಲ. ಹಾಲು ಇಟ್ಟೆವು, ಮುಟ್ಟಲಿಲ್ಲ. ಮೊಸರನ್ನ, ಆಶ್ರಯದವರು ಕೊಟ್ಟ ಕಾಳಿನಂಥ ತಿನಿಸು, ಯಾವುದೂ ಬೇಡ. ಕೊನೆಗೆ ನಮ್ಮ ಮನೆಯ ಹೊಸ್ತಿಲನ್ನು ಎಂದೂ ದಾಟದ ವಸ್ತುವೊಂದನ್ನು, ಕೋಳಿಮೊಟ್ಟೆಯನ್ನು, ಕದ್ದ ಮಾಲಿನಂತೆ ಕಾಗದದಲ್ಲಿ ಸುತ್ತಿ ತಂದೆ. ಹೆಂಡತಿ ಮೂಗು ಮುಚ್ಚಿಕೊಂಡು ಕುದಿಸಿದಳು. ಬೆಕ್ಕು ಅದನ್ನೂ ಮೂಸಲಿಲ್ಲ. ಕತ್ತಲೆಯಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಅವೂ ದಿನದಿನಕ್ಕೆ ಮಂಕಾಗುತ್ತಿದ್ದವು. ಇಲಿ ನನಗೆ ಮರೆತೇಹೋಯಿತು. ಉಣ್ಣಲಿ, ಬದುಕಲಿ, ಅಷ್ಟು ಸಾಕು ಅನ್ನಿಸಿತು.

ಆಶ್ರಯಕ್ಕೆ ಫೋನು ಮಾಡಿದೆ. ಮರುದಿನ ಮುಂಜಾನೆಯೇ ತಂದುಬಿಡಿ, ಇನ್ನು ತಡಮಾಡುವುದು ಬೇಡ ಎಂದರು. ಹೆಂಡತಿ ಮಂಚದ ಹತ್ತಿರ ನೆಲಕ್ಕೆ ಕುಳಿತು ಕಣ್ಣು ಒರೆಸಿಕೊಂಡಳು.

"ಒಂದ್ ಮನಿ ಒಗೀತು. ಈಗ ನಾವೂ ಒಗದಂಗ ಆತಲ್ರಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಬೆಳಿಗ್ಗೆ ಬುಟ್ಟಿಯನ್ನು ಬಾಗಿಲ ಹತ್ತಿರ ಇಟ್ಟಿದ್ದೆ. ಅಷ್ಟರಲ್ಲಿ ಬೆಕ್ಕು ನೋಡಲೆಂದು ಅಕ್ಕ ಸೊರಟೂರಿನಿಂದ ಬಸ್ಸು ಹತ್ತಿ ಬಂದೇಬಿಟ್ಟಳು. ವಿಷಯ ಹೇಳಿದೆವು. "ಒಯ್ಯುವಿಯಂತ, ಮೊದಲ ಉಣ್ಣು," ಎಂದಳು. ಹೆಂಡತಿ ಅಡುಗೆಮನೆಯ ಡಬ್ಬಿಯಿಂದ ರೊಟ್ಟಿ ತೆಗೆದಳು. ಅವಳ ಮಣಿಕಟ್ಟು ಮುರಿದು ಕೂಡಿದ ಮೇಲೆ ನಾವು ಪಕ್ಕದ ಓಣಿಯ ಹೆಂಗಸರಿಂದ ರೊಟ್ಟಿ ತರಿಸುತ್ತೇವೆ. ಅಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಲೇ ತಮ್ಮಾ, ಇದು ರೊಟ್ಟಿ ಅಲ್ಲೋ, ರಟ್ಟು. ನೀ ಬೈಂಡ್ ಮಾಡಾಕ ಚಲೋ ಐತಿ."

ಗ್ಯಾಸ್ ಒಲೆಯನ್ನು ನೆಲಕ್ಕೆ ಇಳಿಸಿಕೊಂಡು, ಹಂಚು ಇಟ್ಟು, ಬಿಸಿನೀರಲ್ಲಿ ಜೋಳದ ಹಿಟ್ಟು ನಾದಿ ಬಡಿಯಲು ಕುಳಿತಳು. ಟಪ್ ಟಪ್ ಟಪ್. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಆ ಸಪ್ಪಳ ಎದ್ದಿತ್ತು.

ಆಗ ಮಂಚದ ಕೆಳಗಿನಿಂದ ಬೆಕ್ಕು ಹೊರಬಂತು.

ನಮ್ಮನ್ನು ನೋಡಲಿಲ್ಲ. ಗೋಡೆಗುಂಟ ತಟ್ಟಾಡುತ್ತ ನಡೆದು ಅಡುಗೆಮನೆಗೆ ಹೋಯಿತು. ಅಕ್ಕನ ಎಡಗಡೆ, ಹಂಚಿನ ಝಳ ತಾಗದಷ್ಟು ದೂರ, ಬಡಿಯುವ ಕೈಗೆ ಅಡ್ಡಿಯಾಗದಷ್ಟು ಹತ್ತಿರ, ಮುಂಗಾಲು ಮಡಚಿ ಕುಳಿತಿತು. ಹುಡುಕಿ ಕುಳಿತದ್ದಲ್ಲ. ಅದು ತನ್ನದೇ ಜಾಗ ಎಂಬಂತೆ ಕುಳಿತಿತು. ಅಕ್ಕನ ಕೈ ನಿಲ್ಲಲಿಲ್ಲ, ಬರೀ ಮೆತ್ತಗಾಯಿತು. ನಾನೂ ಹೆಂಡತಿಯೂ ಬಾಗಿಲಲ್ಲೇ ನಿಂತು ನೋಡಿದೆವು.

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಬೆಕ್ಕು ಒಂದು ಕಾಲೆತ್ತಿ, ಉಗುರು ತಾಗದಂತೆ, ಅಕ್ಕನ ಮೊಣಕಾಲ ಮೇಲೆ ಇಟ್ಟಿತು. ಅಕ್ಕ ಮೇಲಿನ ತೆಳು ಪದರನ್ನು ಮುರಿದು, ಊದಿ ಆರಿಸಿ, ಮುಂದಿಟ್ಟಳು. ತಿಂದಿತು. ಇನ್ನೊಂದು ಚೂರು. ಅದನ್ನೂ ತಿಂದಿತು. ಮೊಟ್ಟೆಯಲ್ಲಿ ಕಲಸಿಕೊಟ್ಟದ್ದನ್ನು ತಟ್ಟೆ ನೆಕ್ಕಿ ಮುಗಿಸಿತು.

ಯಾವ ಊರೋ, ಲಕ್ಷ್ಮೇಶ್ವರವೋ, ಶಿರಹಟ್ಟಿಯೋ, ಬಾಳೆಹೊಸೂರೋ, ಯಾರಿಗೆ ಗೊತ್ತು? ಅಲ್ಲೊಂದು ಅಡುಗೆಮನೆಯಲ್ಲಿ ಒಬ್ಬ ಹೆಣ್ಣುಮಗಳು ದಿನಾ ರೊಟ್ಟಿ ಬಡಿದು, ಮೊದಲ ಚೂರನ್ನು ಊದಿ, ಇದಕ್ಕೆ ಕೊಟ್ಟಿದ್ದಾಳೆ. ಚೀಲ ಕಟ್ಟಿದವಳು ಅವಳೇ ಎಂದು ನಾನು ನಂಬಲಾರೆ. ಅವಳು ಇದ್ದಾಳೋ ಇಲ್ಲವೋ. ಅವಳ ಮುಖ ನನಗೆ ಗೊತ್ತಿಲ್ಲ, ಅವಳ ಎಡಗಡೆಯ ಜಾಗ ಮಾತ್ರ ಗೊತ್ತಾಯಿತು. ಚೀಲ, ಸಂತೆ, ಆಶ್ರಯದ ಪಂಜರ, ನಾನು ತಿರುಗಿಸಿದ ಬುಟ್ಟಿ ಎಲ್ಲವನ್ನೂ ದಾಟಿ ಅಷ್ಟನ್ನು ಆ ಪುಟ್ಟ ತಲೆ ಹೊತ್ತು ತಂದಿತ್ತು.

ಅಕ್ಕ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಮರೀಲಿ ಅಂತ ತಿರುಗಿಸಂದೆ ನಾನು. ಮರತಿದ್ರ ಇದು ಸತ್ತಹೋಗ್ತಿತ್ತಲ್ಲೋ ತಮ್ಮಾ."

ಅಕ್ಕ ಊರಿಗೆ ಹೋದ ಮೇಲೆ ಪ್ರಶ್ನೆ ಬಂತು: ರೊಟ್ಟಿ ಬಡಿಯುವವರು ಯಾರು? ಹೆಂಡತಿಯ ಕೈಗೆ ಆಗದು. ಕಾಗದ ಮಡಚಿ ಮಡಚಿ ಒರಟಾದ ನನ್ನ ಕೈಗಳೇ ಹಿಟ್ಟಿಗೆ ಇಳಿದವು. ಮೊದಲ ರೊಟ್ಟಿ ನಾಲ್ಕು ಕಡೆ ಸೀಳಿತು.

"ಬೈಂಡಿಂಗ್ ಬಿಟ್ಟೈತ್ರಿ," ಎಂದು ಹೆಂಡತಿ ಬಿದ್ದುಬಿದ್ದು ನಕ್ಕಳು.

ಬೆಕ್ಕು ನಗಲಿಲ್ಲ. ಬಂದು ನನ್ನ ಎಡಗಡೆ ಕುಳಿತಿತು. ಇವತ್ತಿನವರೆಗೂ ಒಂದೂ ಇಲಿ ಹಿಡಿದಿಲ್ಲ, ಆ ಮಾತು ಬೇರೆ. ಅಂದು ಹೇಗೋ ಒಂದು ರೊಟ್ಟಿ ಅರ್ಧ ಉಬ್ಬಿದಾಗ ಕಾಲೆತ್ತಿ ನನ್ನ ಮೊಣಕಾಲ ಮೇಲೆ ಇಟ್ಟಿತು. ಅದು ಕೇಳಿದ್ದು ನನ್ನನ್ನೋ, ನಾನು ಕಾಣದ ಆ ಹೆಣ್ಣುಮಗಳನ್ನೋ, ಗೊತ್ತಿಲ್ಲ. ನಾನು ಅವಳ ಪರವಾಗಿ ಒಂದು ಚೂರು ಮುರಿದು, ಊದಿ, ಕೊಟ್ಟೆ.